ಹೊಂಬ ಬಿನ್ ತಿಮ್ಮ, ವಯಸ್ಸು ಎಂಬತ್ತಾರು

“ಹೆಬ್ಬೆಟ್ಟು ಒತ್ತಲೇ ಅಂದ್ರೆ ಪೆನ್ನು ಕೇಳ್ತಾನೆ ನೋಡಿ ಸಾ, ಬಡ್ಡೈದ. ದೊಡ್ಡ ಡಿಸಿ ಇವ್ನು.”

ದೇವರಾಜು ಜಗಲಿಯ ಮೇಲೆ ನಿಂತು ನಕ್ಕ. ಒಳಗೆ ನಡುಮನೆಯಲ್ಲಿ ಕೇಸರಿಬಾತು ತಿನ್ನುತ್ತಿದ್ದ ಇಬ್ಬರು ಅಧಿಕಾರಿಗಳೂ ನಕ್ಕರು. ಕ್ಯಾಮೆರಾದವನು ನಗಲಿಲ್ಲ. ಅವನ ಬಾಯಿ ತುಂಬಿತ್ತು.

ಚಿಕ್ಕಹೊಂಬ ಜಗಲಿಯ ಕೆಳಗೆ, ಮೆಟ್ಟಿಲಿಗೆ ಒಂದು ಮಾರು ದೂರದಲ್ಲಿ ನಿಂತಿದ್ದ. ಅವನನ್ನು ತೋಟದಿಂದ ಕರೆಸಿಕೊಂಡಿದ್ದರು. ತಲೆಯ ಮೇಲಿದ್ದ ರೇಷ್ಮೆಸೊಪ್ಪಿನ ಹೊರೆಯನ್ನು ಹುಳಮನೆಯ ನೆರಳಿಗೆ ಇಳಿಸಿ, ಬಾಡದಿರಲೆಂದು ಒದ್ದೆ ಗೋಣಿ ಹೊದಿಸಿ ಬಂದಿದ್ದ. ಕುತ್ತಿಗೆಯ ಮೇಲೆ ಸೊಪ್ಪಿನ ಹಾಲು ಒಣಗಿ ಕಪ್ಪಾಗಿತ್ತು.

“ಸೈನು ಬತ್ತದೆ ಬುದ್ಧಿ ನಂಗೆ. ಪರಮಶಿವಣ್ಣ ಕಲ್ಸಿದ್ದು.”

“ಇದೂ ನಿನ್ ಪರಮಶಿವಣ್ಣನ ಕೆಲ್ಸಾನೇ ಕಣ್ಲಾ. ಪೆನ್ಶನ್ ಬೇಕೋ ಬ್ಯಾಡ್ವೋ? ನೀನಿನ್ನೂ ಉಸಿರಾಡ್ತಿದ್ದೀಯ ಅಂತ ಸರ್ಕಾರಕ್ಕೆ ಗೊತ್ತಾಗ್ಬೇಕೋ ಬ್ಯಾಡ್ವೋ? ಒತ್ತು.”

ದೇವರಾಜು ಎರಡು ಕಾಗದವನ್ನೂ ಮಸಿಯ ಪ್ಯಾಡನ್ನೂ ಹಿಡಿದು ಒಂದು ಮೆಟ್ಟಿಲು ಇಳಿದ. ಕಾಗದವನ್ನು ಮೆಟ್ಟಿಲಿನ ಕಲ್ಲಿನ ಮೇಲಿಟ್ಟು, ತಾನು ಹಿಂದೆ ಸರಿದು, ಕೈ ಸನ್ನೆ ಮಾಡಿದ. ಚಿಕ್ಕಹೊಂಬ ಬಗ್ಗಿ ಒತ್ತಿದ.

ಅಧಿಕಾರಿಗಳಲ್ಲಿ ಚಿಕ್ಕ ವಯಸ್ಸಿನವನು ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದ. “ಅವರು ಒಳಗೆ ಬರಬೇಕಲ್ವಾ?”

“ನಮ್ಮನೆ ಒಳೀಕೆ ಅವ್ರು ಬರಕಿಲ್ಲ ಸಾ. ಅವ್ರಿಗೇ ಸರಿಹೋಗಕಿಲ್ಲ.”

“ಕಣ್ಣು ಕಾಣಿಸುತ್ತಾ?”

“ಎಂಬತ್ತಾರು ವರ್ಸ ಸಾ. ಕಣ್ಣು ಎಲ್ಲಿಂದ ಬರಬೇಕು? ಕಿವೀನೂ ಅಷ್ಟೇಯ.”

“ಕಾಣ್ತದೆ ಸ್ವಾಮಿ,” ಎಂದ ಚಿಕ್ಕಹೊಂಬ.

“ಮುಚ್ಚಲೇ ಬಾಯ. ನಿನ್ನ ಕೇಳಿದ್ರಾ?” ದೇವರಾಜು ಅಧಿಕಾರಿಯ ಕಡೆ ತಿರುಗಿದ. “ಜೊತೆಗಾರ ಅಂತ ನಾನೇ ರುಜು ಹಾಕ್ತೀನಿ. ಇನ್ನೂ ನಾಕು ಊರು ಐತಂತಲ್ಲ ನಿಮ್ಗೆ, ಬಿಸಿಲು ಬೇರೆ.”

ಚಿಕ್ಕ ಅಧಿಕಾರಿ ದೊಡ್ಡ ಅಧಿಕಾರಿಯನ್ನು ನೋಡಿದ. ದೊಡ್ಡ ಅಧಿಕಾರಿ ತಟ್ಟೆಯನ್ನು ನೋಡಿದ. ಒಳಗೆ ಮೇಜಿನ ಮೇಲೆ ಮೂರು ಕಡೆ ಮುಚ್ಚಿದ ಒಂದು ರಟ್ಟಿನ ಮರೆ ಇತ್ತು. ದೇವರಾಜು ಅದರ ಹಿಂದೆ ಹೋಗಿ, ಹತ್ತು ಎಣಿಸುವಷ್ಟರಲ್ಲಿ ಹೊರಬಂದ. ಜಗಲಿಯ ಕೆಳಗಿನಿಂದ ಚಿಕ್ಕಹೊಂಬನಿಗೆ ಕಂಡದ್ದು ಅವನ ಬೆನ್ನು ಮಾತ್ರ.

“ಹೋಗು, ಸೊಪ್ಪು ಬಾಡ್ತದೆ. ಪೊರೆ ಕಳ್ಚಿ ನಾಲ್ಕನೇ ಜ್ವರ ಎದ್ದವೆ ಹುಳ. ಬರೋ ಬುಧವಾರಕ್ಕೆ ಹಣ್ಣಾಯ್ತವೆ. ಅವತ್ತು ತಲೆನೋವು ಗಿಲೆನೋವು ಅಂದೀಯ, ಚರ್ಮ ಸುಲೀತೀನಿ. ಆಯೋಕೆ ನೀನೇ ಇರ್ಬೇಕು.”

ಅದು ಬೈಗುಳವೂ ಹೌದು, ಹೊಗಳಿಕೆಯೂ ಹೌದು. ಹುಲಿಕಟ್ಟೆದೊಡ್ಡಿಯಲ್ಲಿ ಹಣ್ಣುಹುಳ ಗುರುತಿಸುವುದರಲ್ಲಿ ಚಿಕ್ಕಹೊಂಬನನ್ನು ಮೀರಿಸಿದವರಿಲ್ಲ. ತಿನ್ನುವುದನ್ನು ಬಿಟ್ಟ ಹುಳ ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ. ಬೆಳಕಿಗೆ ಹಿಡಿದರೆ ಎದೆಯ ಭಾಗ ಸೀಮೆಎಣ್ಣೆ ಸವರಿದ ಕಾಗದದಂತೆ ಪಾರದರ್ಶಕವಾಗಿರುತ್ತದೆ. ಅದನ್ನು ಆಯ್ದು, ಬಿದಿರಿನ ಚಂದ್ರಿಕೆಯ ಸುರುಳಿಗಳ ನಡುವೆ ಗೂಡು ಕಟ್ಟಲು ಬಿಡಬೇಕು. ಬೇಗ ಬಿಟ್ಟರೆ ಗೂಡು ಜೊಳ್ಳು. ತಡವಾದರೆ ನೂಲನ್ನೆಲ್ಲ ಕಸದ ಮೇಲೆ, ಗೋಡೆಯ ಮೇಲೆ ಕಕ್ಕಿ ಮುಗಿಸುತ್ತದೆ. ಸಾವಿರಾರು ಹುಳಗಳ ನಡುವೆ, ಕಿಟಕಿಯ ಬೆಳಕಿನಲ್ಲಿ, ಕನ್ನಡಕವಿಲ್ಲದೆ ಅವನು ಬೆರಳು ಹಾಕಿದ ಕಡೆಯೆಲ್ಲ ಹಣ್ಣುಹುಳವೇ ಸಿಗುತ್ತಿತ್ತು.

ಅವನ ಕಣ್ಣು ಕಾಣುವುದಿಲ್ಲವೆಂದು ಈಗ ಸರ್ಕಾರದ ಕಾಗದದಲ್ಲಿ ಬರೆದಾಗಿತ್ತು.

*

ಮೂರು ದಿನದ ನಂತರ, ಸಂಜೆ, ಅಂಗನವಾಡಿ ಟೀಚರ್ ಶಾಲಿನಿ ಕೇರಿಯಲ್ಲಿ ಓಟಿನ ಚೀಟಿ ಹಂಚುತ್ತ ಬಂದಳು. ಚಿಕ್ಕಹೊಂಬ ಬಚ್ಚಲ ಕಲ್ಲಿನ ಮೇಲೆ ಕೂತು ಹೆಬ್ಬೆಟ್ಟನ್ನು ಇಟ್ಟಿಗೆ ಚೂರಿನಿಂದ ಉಜ್ಜಿಕೊಳ್ಳುತ್ತಿದ್ದ. ಉಗುರಿನ ಸಂದಿಯಲ್ಲಿ ನೇರಳೆ ಮಸಿ ಹಾಗೇ ಉಳಿದಿತ್ತು. ಮಗಳು ರಮ್ಯಾ ಆಗಷ್ಟೇ ಬಿಡದಿಯಿಂದ ಬಂದಿದ್ದಳು. ಅಲ್ಲೊಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳು ಪಾತ್ರೆ ತೊಳೆಯುತ್ತಾಳೆ.

“ತಗೊ ರಮ್ಯಕ್ಕ, ನಿಂದು.”

“ಅಪ್ಪಂದು?”

“ತಾತಂದು ಆಗೋಯ್ತಲ್ಲ.”

“ಏನಾಗೋಯ್ತು?”

“ಓಟು. ಎಂಬತ್ತು ದಾಟಿದೋರಿಗೆ ಮನೇಲೇ ಹಾಕ್ಸ್ಕೊಂಡ್ರಲ್ಲ. ನೋಡಿಲ್ಲಿ, ಹೊಂಬ ಬಿನ್ ತಿಮ್ಮ, ಎಂಬತ್ತಾರು. ಮುಂದೆ ಪಿ.ಬಿ. ಅಂತ ಐತೆ. ಪೋಸ್ಟಲ್. ಬೂತಲ್ಲಿ ಇನ್ನ ಬರಕಿಲ್ಲ.”

ಚಿಕ್ಕಹೊಂಬ ಇಟ್ಟಿಗೆ ಚೂರನ್ನು ಕೆಳಗಿಟ್ಟ. “ಅದು ಪೆನ್ಶನ್ನಿಂದಲ್ವೇನವ್ವ?”

ಶಾಲಿನಿ ಪಟ್ಟಿಯನ್ನು ಎರಡು ಸಲ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. “ಹೋದ ತಿಂಗ್ಳು ದೇವರಾಜಣ್ಣ ಫಾರಂ ತಂದ್ಕೊಟ್ರು ತಾತ, ಏಳು ಜನದ್ದು. ನಿಮ್ಮ ಹೆಸ್ರ ಮುಂದೆ ಒಂದು ಹೆಬ್ಬೆಟ್ಟು ಇತ್ತು. ನೀವೇ ಒಪ್ಪಿದ್ದೀರ ಅಂದ್ಕೊಂಡೆ ನಾನು.”

“ಮನೇಗ್ ಬಂದ್ ಕೇಳ್ಬೇಕಿತ್ತಲ್ಲಮ್ಮಿ ನೀನು?” ಎಂದಳು ರಮ್ಯಾ.

“ನಾನೂ ಅವ್ರ ಬೀದೀಲೇ ಬಾಡಿಗೆಗಿರೋದು ಕಣಕ್ಕ.”

ಅವಳು ಹೋದಮೇಲೆ ರಮ್ಯಾ ಅಪ್ಪನ ಮೇಲೆ ರೇಗಿದಳು. “ಮುಟ್ಠಾಳ್ನಂಗೆ ಕಾಗ್ದ ಏನು ಅಂತ್ಲೂ ಕೇಳ್ದೆ ಒತ್ತುತೀಯಲ್ಲ! ಐವತ್ತು ವರ್ಸದಿಂದ ಓಟು ಓಟು ಅಂತ ಬಡ್ಕೊಂಡೋನು ನೀನು. ಓಟಿನ ದಿನ ಹಬ್ಬದಂಗೆ ಎಣ್ಣೆ ಹಚ್ಕೊಂಡು ನೀರು ಹಾಕ್ಕೊತಿದ್ದೆ, ಮೊದ್ಲು ನಾನೇ ನಿಲ್ಬೇಕು ಅಂತ ಬಾಗ್ಲು ತೆಗ್ಯಕ್ ಮುಂಚೆ ಓಡ್ತಿದ್ದೆ. ಕೊನೆಗೆ ಜಗಲಿ ಕೆಳ್ಗೆ ನಿಂತು ಕಳ್ಕೊಂಡ್ ಬಂದೆ.”

“ಪರಮಶಿವಣ್ಣಂಗೆ ಇದು ಗೊತ್ತಿಲ್ಲ.”

“ಗೊತ್ತಿಲ್ಲ! ಈ ಸಲ ನಿಂತಿರೋ ಅವ್ರ ಮಗನ್ ಕಡೆಯೋನೇ ದೇವರಾಜ. ಓಟು ಬಿದ್ದಿರೋದೂ ಅವ್ರ ಮಗ್ನಿಗೇ.”

“ಗೊತ್ತಾದ್ರೆ ಅವ್ನ ಗ್ರಾಚಾರ ಬಿಡುಸ್ತಾರೆ. ನಿಂಗೇನ್ ಗೊತ್ತು ಅವ್ರ ಇಸ್ಯ?”

ರಮ್ಯಾಳಿಗೆ ಗೊತ್ತಿತ್ತು. ಆ ಕಥೆಯನ್ನು ಕೇಳಿಯೇ ಅವಳು ಬೆಳೆದಿದ್ದಳು.

ಎಪ್ಪತ್ತೆರಡರಲ್ಲಿ ಕೇರಿಯ ಓಟಿನ ಚೀಟಿಗಳೆಲ್ಲ ದೇವರಾಜುವಿನ ಅಪ್ಪ ದೊಡ್ಡಗೌಡರ ಕೋಟಿನ ಜೇಬಿನಲ್ಲಿರುತ್ತಿದ್ದವು. ಅವರ ಆಳುಗಳೇ ಹೋಗಿ ಎಲ್ಲರ ಹೆಸರಿನಲ್ಲೂ ಒತ್ತಿ ಬರುತ್ತಿದ್ದರು. ಚಿಕ್ಕಹೊಂಬನ ಅಣ್ಣ ದೊಡ್ಡಹೊಂಬ ಗೌಡರ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತು ಮೂರು ವರ್ಷವಾಗಿತ್ತು. ಸತ್ತ ಮೇಲೂ ಅವನು ಒಂದು ಸಲ ಓಟು ಹಾಕಿದ್ದ. ಮನೆದೇವರು ಹೊಂಬಾಳಮ್ಮನ ಹೆಸರನ್ನು ತಿಮ್ಮ ತನ್ನ ಇಬ್ಬರು ಗಂಡುಮಕ್ಕಳಿಗೂ ಇಟ್ಟಿದ್ದ. ದೊಡ್ಡವನು, ಚಿಕ್ಕವನು ಎಂಬುದು ಕೇರಿಯ ಬಾಯಲ್ಲಿತ್ತು. ಪಟ್ಟಿಯಲ್ಲಿದ್ದದ್ದು ಹೊಂಬ ಎಂಬ ಒಂದೇ ಹೆಸರು.

ಆಗ ಪರಮಶಿವಯ್ಯನಿಗೆ ಮೂವತ್ತಮೂರು. ಲಾಯರಿಕೆ ಬಿಟ್ಟು ಚುನಾವಣೆಗೆ ನಿಂತಿದ್ದ ಲಿಂಗವಂತರ ಹುಡುಗ. ಕೇರಿಯಲ್ಲಿ ಕೂತು ನೀರು ಕೇಳಿ ಕುಡಿದ. ‘ಬುದ್ಧಿ’ ಎಂದವರಿಗೆ ‘ಅಣ್ಣ ಅನ್ನು, ಇಲ್ಲದಿದ್ದರೆ ಮಾತಾಡಬೇಡ’ ಎಂದ. ಹತ್ತು ಸಂಜೆ ಲಾಟೀನು ಹಚ್ಚಿ ಕೇರಿಯ ಗಂಡಸರಿಗೆ ಸಹಿ ಕಲಿಸಿದ. ಪಟ್ಟಿ ನೋಡಿ, “ಹೊಂಬ ಯಾರು?” ಎಂದ. ಸತ್ತಿದ್ದಾನೆ ಅಂದರು. “ಸತ್ತವನ ಓಟನ್ನ ಗೌಡರು ಹಾಕ್ತಾರೆ. ಈ ಸಲ ತಮ್ಮ ಹಾಕಲಿ. ಮುಂದಿನ ಸಲ ನಿನ್ನ ಹೆಸರು ಸೇರಿಸ್ತೀನಿ,” ಎಂದು ಚಿಕ್ಕಹೊಂಬನ ಬೆನ್ನು ತಟ್ಟಿ, ಹೊಂಬ ಎಂದು ಬರೆಯುವುದನ್ನು ಕಲಿಸಿದ.

ಓಟಿನ ದಿನ ಬೆಳಿಗ್ಗೆಯೇ ಗೌಡರು ಕೇರಿಯ ಹದಿನಾಲ್ಕು ಗಂಡಸರನ್ನು ಹುಳಮನೆಗೆ ಕರೆಸಿಕೊಂಡರು. ಹುಳ ಹಣ್ಣಾಗಿದ್ದವು. ಮುಗಿಯುವವರೆಗೆ ಯಾರೂ ಹೊರಗೆ ಕಾಲಿಡುವಂತಿರಲಿಲ್ಲ. ಹನ್ನೊಂದು ಗಂಟೆಗೆ ಪರಮಶಿವಯ್ಯ ಬಂದ. ಗೌಡರೊಂದಿಗೆ ಜಗಳವಾಡಲಿಲ್ಲ. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಹುಳದ ತಟ್ಟೆಯ ಮುಂದೆ ಕೂತ. “ಇಬ್ಬಿಬ್ಬರಾಗಿ ಹೋಗಿ ಬನ್ನಿ. ನಿಮ್ಮ ಪಾಲಿನ ಹುಳ ನಾನು ಆಯ್ತೀನಿ,” ಎಂದ. ಅಭ್ಯರ್ಥಿ, ಓಟಿನ ದಿನ, ಎರಡೂವರೆ ಗಂಟೆ ಹುಳ ಆಯ್ದ. ಲಿಂಗವಂತ ಲಾಯರನ್ನು ಕೊರಳಪಟ್ಟಿ ಹಿಡಿದು ಹೊರಗೆ ಹಾಕಲು ಗೌಡರಿಗೆ ಕೈ ಬರಲಿಲ್ಲ. ಹದಿನಾಲ್ಕು ಜನವೂ ಹೋಗಿ ಹಾಕಿ ಬಂದರು. ಚಿಕ್ಕಹೊಂಬ ವಾಪಸು ಬಂದು ನೋಡಿದರೆ, ಚಂದ್ರಿಕೆಯ ತುಂಬ ಹಸಿ ಹುಳಗಳೇ ಇದ್ದವು.

*

ರಾಮನಗರದ ಆ ಮನೆಯ ಮುಂದೆ ಕಾರುಗಳು ಎರಡು ಸಾಲಿನಲ್ಲಿ ನಿಂತಿದ್ದವು. ಗೇಟಿನ ಮೇಲೆ ಅಪ್ಪ ಮಗ ಇಬ್ಬರೂ ಕೈ ಮುಗಿದಿದ್ದ ಫ್ಲೆಕ್ಸ್. ಅದರಲ್ಲಿ ಅಪ್ಪ ಸಣ್ಣದಾಗಿ ಮೇಲೆ, ಮಗ ರುದ್ರಪ್ರಸಾದ್ ದೊಡ್ಡದಾಗಿ ಕೆಳಗೆ. ಚಿಕ್ಕಹೊಂಬ ಹುಳಕ್ಕೆ ಬೆಳಗಿನ ಸೊಪ್ಪು ಹಾಕಿ, ಒಗೆದ ಶರ್ಟು ತೊಟ್ಟು, ಬಸ್ಸಿನಲ್ಲಿ ಬಂದಿದ್ದ. ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟ. ಎರಡು ಗಂಟೆ ಕಾದ. ವರಾಂಡದಲ್ಲಿ ಪರಮಶಿವಯ್ಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದು ಅಲ್ಲಿಂದಲೇ ಕಾಣುತ್ತಿತ್ತು. ಎಂಬತ್ತನಾಲ್ಕು ವರ್ಷ. ಮೊಣಕಾಲಿಗೆ ಪಟ್ಟಿ, ಪಕ್ಕದಲ್ಲಿ ಊರುಗೋಲು.

“ಲೋ, ಚಿಕ್ಕಹೊಂಬ ಅಲ್ವೇನೋ ನೀನು?”

ಆ ಜನರ ನಡುವೆ, ಅಷ್ಟು ದೂರದಿಂದ, ಅಷ್ಟು ವರ್ಷದ ಮೇಲೆ. ಚಿಕ್ಕಹೊಂಬ ಮುಂದೆ ಹೋಗಿ ಕಾಲಿನ ಬಳಿ ಕೂತ.

“ಹುಳ ಆಯೋಕೆ ಕಲಿಸಿದವನು ಇವನೇ ಕಣ್ರಯ್ಯಾ,” ಎಂದು ಪರಮಶಿವಯ್ಯ ಸುತ್ತಲಿನವರಿಗೆ ಹೇಳಿದ. “ಹಸಿ ಹುಳಾನೆಲ್ಲ ಚಂದ್ರಿಕೆಗೆ ಏರಿಸಿಬಿಟ್ಟಿದ್ದೆ ನಾನು. ಇವನು ಬಂದು ಒಂದೊಂದನ್ನೇ ವಾಪಸು ತೆಗೆದ. ‘ಅಣ್ಣ, ಇವು ಇನ್ನೂ ಉಣ್ಬೇಕು’ ಅಂದ. ಇವತ್ತಿಗೂ ಆ ಮಾತು ನನ್ನ ಕಿವಿಯಲ್ಲಿದೆ.”

ಎಲ್ಲರೂ ನಕ್ಕರು. ಚಿಕ್ಕಹೊಂಬನೂ ನಕ್ಕ. ನಗುವಿನ ನಡುವೆಯೇ ಹೇಳಿಬಿಟ್ಟ. ಜಗಲಿ, ಹೆಬ್ಬೆಟ್ಟು, ಕಣ್ಣು ಕಾಣಲ್ಲ ಅಂದದ್ದು, ರಟ್ಟಿನ ಮರೆ, ಪಿ.ಬಿ. ಪರಮಶಿವಯ್ಯ ಕಣ್ಣು ಮುಚ್ಚಿ ಕೇಳಿದ. ಹಿಂದೆಯೂ ಅವನು ಹಾಗೆಯೇ ಕೇಳುತ್ತಿದ್ದ.

“ಎಲ್ಲಾದ್ರೂ ಕಂಪ್ಲೇಂಟ್ ಕೊಟ್ಟಿದ್ದೀಯಾ?”

“ಇಲ್ಲ ಕಣಣ್ಣ. ನಿಮ್ಗೇ ಹೇಳವ ಅಂತ ಬಂದೆ.”

“ಒಳ್ಳೇದು ಮಾಡಿದೆ.” ಕಣ್ಣು ಬಿಟ್ಟ. “ಅದಿರಲಿ, ನೀನೇ ಬೂತಿಗೆ ಹೋಗಿದ್ರೆ ಯಾರಿಗೆ ಹಾಕ್ತಿದ್ದೆ?”

“ಅದೇನ್ ಕೇಳ್ತೀರಿ? ನಿಮ್ಗೇ.”

“ದೇವರಾಜು ಯಾರಿಗೆ ಹಾಕಿದ?”

“ನಿಮ್ ಮಗ್ನಿಗೆ.”

“ಮತ್ತೆ? ಬಿತ್ತಲ್ಲೋ. ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಬಿಡು.”

ಚಿಕ್ಕಹೊಂಬ ಅವನ ಮುಖವನ್ನೇ ನೋಡಿದ. ತಮಾಷೆ ಇರಬೇಕು, ಈಗ ನಗುತ್ತಾರೆ ಎಂದು ಕಾದ. ಪರಮಶಿವಯ್ಯ ಊರುಗೋಲಿನ ಹಿಡಿಯನ್ನು ಸವರುತ್ತಿದ್ದ.

“ಅವ್ರಪ್ಪಾನೂ ಇದ್ನೇ ಮಾಡ್ತಿದ್ರಲ್ಲ, ಬುದ್ಧಿ.”

‘ಬುದ್ಧಿ’ ಎಂಬ ಮಾತು ಬಾಯಿಂದ ಜಾರಿತ್ತು. ಐವತ್ತು ವರ್ಷದಲ್ಲಿ ಈ ಮನುಷ್ಯನ ಎದುರು ಅದು ಬಂದದ್ದು ಇದೇ ಮೊದಲು. ಪರಮಶಿವಯ್ಯ ತಿದ್ದಲಿಲ್ಲ.

“ಆ ಕಾಲ ಬೇರೆ ಹೊಂಬ. ಆಗ ಗೌಡರು ಆ ಕಡೆ ಇದ್ರು, ನಮ್ಮನ್ನ ಊರೊಳಗೇ ಬಿಡ್ತಿರಲಿಲ್ಲ. ಈಗ ಅವರ ಮಗ ನನ್ನ ಮಗನ ಬಾವುಟ ಹಿಡಿದಿದ್ದಾನೆ. ಇದನ್ನ ಸಾಧಿಸೋಕೆ ನಾನು ಎಷ್ಟು ವರ್ಷ ಸವೆದೆ ಗೊತ್ತಾ? ಒಂದು ಓಟಿಗೋಸ್ಕರ ಅವನನ್ನ ಎದುರು ಹಾಕ್ಕೊಳ್ಳೋಕೆ ಆಗುತ್ತಾ, ನೀನೇ ಹೇಳು.”

ಅವನು ನಿಜವಾಗಿಯೂ ಕೇಳುತ್ತಿದ್ದ. ಹುಳಮನೆಯಲ್ಲಿ, ಇದು ಹಣ್ಣೋ ಹಸಿಯೋ ಎಂದು ಕೇಳಿದಂತೆ.

“ಮುಂದಿನ್ ಸಲ ನಿನ್ನೆಸ್ರು ಸೇರುಸ್ತೀನಿ ಅಂದಿದ್ರಿ,” ಎಂದ ಚಿಕ್ಕಹೊಂಬ.

“ಯಾವಾಗ?”

“ಎಪ್ಪತ್ತೆರಡ್ರಲ್ಲಿ.”

“ಸೇರಿಸಿಲ್ವಾ ಇನ್ನೂ?” ಪರಮಶಿವಯ್ಯನಿಗೆ ಆಶ್ಚರ್ಯವಾಯಿತು. ಆಮೇಲೆ ನಕ್ಕ. “ಆರು ಸಲ ಗೆದ್ದೆ. ಆರು ಸಲವೂ ನೀನಿದ್ದೆ ಅಂತ ನನಗೆ ಗೊತ್ತಲ್ಲೋ. ಪಟ್ಟಿಯಲ್ಲಿ ಏನಿದ್ರೇನು? ನಿನ್ನಣ್ಣ ನಿನಗಿಂತ ಹದಿನಾಲ್ಕು ವರ್ಷ ದೊಡ್ಡವನು, ಆ ಹೆಸರಿನಿಂದ ನಿನಗೆ ಅಷ್ಟು ಮುಂಚೆಯೇ ಪೆನ್ಶನ್ ಬಂದಿರಬೇಕು. ನಷ್ಟ ಆಗಿಲ್ಲವಲ್ಲ.”

ಅಷ್ಟರಲ್ಲಿ ರುದ್ರಪ್ರಸಾದ್ ಹೊರಗಿನಿಂದ ಬಂದ. ಜೊತೆಗೆ ಮೊಬೈಲು ಎತ್ತಿ ಹಿಡಿದಿದ್ದ ಇಬ್ಬರು. “ಅಪ್ಪಾಜಿ, ಇವರೇನಾ ಎಂಬತ್ತಾರರ ಅಜ್ಜ? ಸೂಪರ್. ಶಾಲು ತಗೊಂಡು ಬನ್ರೋ.” ಒಬ್ಬ ಚಿಕ್ಕಹೊಂಬನನ್ನು ರಟ್ಟೆ ಹಿಡಿದು ಎಬ್ಬಿಸಿದ. ಇನ್ನೊಬ್ಬ ಜರಿಯ ಶಾಲು ಹೊದಿಸಿದ. ಅಪ್ಪ ಒಂದು ಕಡೆ, ಮಗ ಒಂದು ಕಡೆ. ಮೂರು ಫೋಟೊ ಹೊಡೆದಾಯಿತು. ಆಮೇಲೆ ಶಾಲನ್ನು ಅವನ ಹೆಗಲಿಂದ ತೆಗೆದು, ಮಡಚಿ, ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡರು. ಇನ್ನೊಬ್ಬ ಅಜ್ಜಿ ಬರುವವಳಿದ್ದಳು.

ಸಂಜೆ ರಮ್ಯಾ ಫೋನು ತಂದು ಅವನ ಮುಂದೆ ಹಿಡಿದಳು. ‘ಐವತ್ತು ವರ್ಷದ ನಿಷ್ಠೆ! ಈ ವಯಸ್ಸಿನಲ್ಲೂ ಮತ ಚಲಾಯಿಸಿದ ಹೊಂಬಜ್ಜ’ ಎಂದು ಮೇಲೆ ಬರೆದಿತ್ತು. ವರಾಂಡದಲ್ಲಿ ಯಾರೋ ಮೊದಲಿನಿಂದಲೇ ತೆಗೆಯುತ್ತಿದ್ದರು. ಉಳಿದ ಮಾತೆಲ್ಲ ಕತ್ತರಿಸಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದರು. ಯಾರಿಗೆ ಹಾಕ್ತಿದ್ದೆ? ನಿಮ್ಗೇ. ಯಾರಿಗೆ ಹಾಕ್ತಿದ್ದೆ? ನಿಮ್ಗೇ. ಅದು ಸುತ್ತಿ ಸುತ್ತಿ ಬರುತ್ತಿತ್ತು.

“ಆರ್ಸು ಅದ್ನ,” ಎಂದ ಚಿಕ್ಕಹೊಂಬ.

“ನಾನು ಆರ್ಸುದ್ರೆ ಏನ್ ಬಂತಪ್ಪ? ಊರೋರ್ ಫೋನಲ್ಲೆಲ್ಲ ಬಡ್ಕೊತೈತೆ.”

*

ಬುಧವಾರ, ಓಟಿನ ದಿನವೇ, ಹುಳ ಹಣ್ಣಾದವು. ಬೆಳಿಗ್ಗೆ ಏಳಕ್ಕೇ ದೇವರಾಜುವಿನ ಹೆಂಡತಿ ಸರಸಮ್ಮ ಕೇರಿಯ ಕೊನೆಯಲ್ಲಿ ನಿಂತು ಕೂಗಿದಳು. “ಚಿಕ್ಕೊಂಬಾ! ತಲೆ ಎತ್ತವೆ ಕಣೋ, ಬಾರೋ ಬಿರ್ರನೆ!”

ಚಿಕ್ಕಹೊಂಬ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದ್ದ. ಒಗೆದ ಶರ್ಟು ತೊಟ್ಟು ಹೊರಬಂದ. ಹುಳಮನೆಯ ಕಡೆ ತಿರುಗುವಲ್ಲಿ ತಿರುಗದೆ ಶಾಲೆಯ ಕಡೆ ನಡೆದ. ಕೂಲಿಗೆ ಹೊರಟಿದ್ದ ಕೇರಿಯ ಆರು ಹೆಂಗಸರು ಅವನನ್ನು ನೋಡಿ ನಿಂತರು. “ಓಟ್ ಹಾಕ್ಬುಟ್ಟು ಹೋಗವ ನಡೀರಿ,” ಎಂದಳು ಅವರಲ್ಲೊಬ್ಬಳು. ಅವರೂ ಶಾಲೆಯ ಕಡೆ ತಿರುಗಿದರು.

ಸಾಲಿನಲ್ಲಿ ನಲವತ್ತು ನಿಮಿಷ ನಿಂತ. ಒಳಗೆ ಮೊದಲ ಮೇಜಿನವನು ಕಾರ್ಡು ನೋಡಿ, ಪಟ್ಟಿ ನೋಡಿ, ಅವನನ್ನು ನೋಡಿದ.

“ಅಜ್ಜ, ನಿಮ್ಮದು ಆಗಿದೆ.”

“ನಾನು ಹಾಕಿಲ್ಲ ಸ್ವಾಮಿ.”

“ಪೋಸ್ಟಲ್ ಕೊಟ್ಟಾಗಿದೆ. ಇಲ್ಲಿ ಬರಲ್ಲ.”

“ಹಾಕ್ದೋನು ದೇವರಾಜ. ಈ ಬೆರ್ಳಿಗೆ ಮಸಿ ಹಚ್ಚಿ, ನಾನು ಹಾಕ್ತೀನಿ.” ಎಡಗೈಯ ತೋರುಬೆರಳನ್ನು ಮೇಜಿನ ಮೇಲಿಟ್ಟ. ಹಿಂದಿದ್ದವರು ಗೊಣಗಿದರು. ಏಜೆಂಟರ ಬೆಂಚಿನಿಂದ ಯಾರೋ, “ಹೊಂಬಜ್ಜ, ನಿನ್ ವೀಡಿಯೋ ನೋಡಿದ್ವಿ ಬಿಡಜ್ಜ, ಒಂದ್ಸಲ ಹಾಕಿದ್ದು ಸಾಲ್ದಾ?” ಎಂದ. ನಗೆ ಎದ್ದಿತು. ಪೊಲೀಸಿನವನು ಬಂದು ಅವನ ತೋಳು ಹಿಡಿದ. ಬೆರಳು ಮೇಜಿನ ಅಂಚಿನವರೆಗೂ ಉಜ್ಜಿಕೊಂಡು ಬಂದು ಕೆಳಗೆ ಬಿತ್ತು.

ಅವನು ಮನೆಗೆ ಹೋಗಲಿಲ್ಲ. ಶಾಲೆಯ ಅಂಗಳದ ಹೊಂಗೆ ಮರದ ಕೆಳಗೆ, ಶಾಲಿನಿ ಪಟ್ಟಿ ಇಟ್ಟುಕೊಂಡು ಕೂತಿದ್ದ ಮೇಜಿನ ಎದುರಿಗೆ, ಕುಕ್ಕರಗಾಲಿನಲ್ಲಿ ಕೂತ. ಓಟು ಹಾಕಿ ಬಂದ ಹೆಂಗಸರೂ ಬೆರಳಿನ ಮಸಿ ಆರಿಸಿಕೊಳ್ಳುತ್ತ ಅಲ್ಲೇ ನಿಂತರು. ಅವರಲ್ಲಿ ಯಾರೂ ಹುಳಮನೆಯ ಕಡೆ ಮೊದಲ ಹೆಜ್ಜೆ ಇಡಲಿಲ್ಲ.

ಹನ್ನೊಂದಕ್ಕೆ ದೇವರಾಜು ಬೈಕಿನಲ್ಲಿ ಬಂದ. ಅಂಗಿಯ ತೋಳಿನ ಮೇಲೆ ಒಂದು ಹುಳ ಅಂಟಿಕೊಂಡಿತ್ತು. ಅದು ಅವನಿಗೆ ಗೊತ್ತಿರಲಿಲ್ಲ.

“ಏನ್ಲಾ, ಬೇವರ್ಸಿ ನನ್ಮಗ್ನೆ! ಸಾವಿರಾರು ಹುಳ ಗೋಡೆ ಹತ್ತಾವೆ, ಇಲ್ಲಿ ಬಂದು ಕುಕ್ಕುರ್ಸಿದ್ದೀಯ? ಏಳಲೇ.”

ಚಿಕ್ಕಹೊಂಬ ಏಳಲಿಲ್ಲ. “ನಂಗೆ ಕಣ್ಣು ಕಾಣಕಿಲ್ಲ.”

“ಏನಂದೆ?”

“ಎಂಬತ್ತಾರು ವರ್ಸ. ಕಿವೀನೂ ಅಷ್ಟೇಯ. ಜೊತೆಗಾರ ಅಂತ ರುಜು ಹಾಕಿದ್ದೀಯಲ್ಲ ದೇವರಾಜ, ನನ್ ಓಟು ಹಾಕ್ದ ಕೈಲೇ ನನ್ ಪಾಲಿನ್ ಹುಳಾನೂ ಆಯ್ಕೊ ಹೋಗು.”

ಹೆಂಗಸರಲ್ಲಿ ಒಬ್ಬಳಿಗೆ ಕೆಮ್ಮು ಬಂತು. ನಗುವನ್ನು ತಡೆದ ಕೆಮ್ಮು. ಬುದ್ಧಿ ಎನ್ನದೆ, ಗೌಡ್ರೇ ಎನ್ನದೆ, ಬರೀ ದೇವರಾಜ ಎಂದು ಕರೆದದ್ದು ಅಂಗಳದಲ್ಲಿದ್ದವರಿಗೆಲ್ಲ ಕೇಳಿತ್ತು. ದೇವರಾಜು ಬೈಕಿಂದ ಇಳಿದು ಕೈ ಎತ್ತಿದವನು, ಗೇಟಿನ ಬಳಿಯ ಪೊಲೀಸರನ್ನೂ ಓಟು ಹಾಕಿ ಬಂದು ಮೊಬೈಲು ಹಿಡಿದು ನಿಂತಿದ್ದ ರಮ್ಯಾಳನ್ನೂ ನೋಡಿ ಇಳಿಸಿದ. ತಗ್ಗಿದ ದನಿಯಲ್ಲಿ ಹೇಳಿದ.

“ಸತ್ತೋನ್ ಹೆಸ್ರಲ್ಲಿ ಐವತ್ತು ವರ್ಸ ಓಟ್ ಹಾಕಿದ್ದೀಯ. ಸತ್ತೋನ್ ಹೆಸ್ರಲ್ಲಿ ಪೆನ್ಶನ್ ತಿಂದಿದ್ದೀಯ. ಒಂದು ಅರ್ಜಿ ಬರುದ್ರೆ ಒಳಗ್ ಹಾಕ್ತಾರೆ ಕಣ್ಲಾ, ಈ ವಯಸ್ಸಲ್ಲಿ.”

“ಹೂಂ. ನಾನೂ ಅದ್ನೇ ಬರ್ಸಕ್ಕೆ ಕುಂತಿರೋದು.”

ಚಿಕ್ಕಹೊಂಬ ಎದ್ದು ಮೇಜಿನ ಹತ್ತಿರ ಹೋದ. “ಶಾಲಿನವ್ವ, ಸತ್ತೋರ್ ಹೆಸ್ರು ತೆಗ್ಸಕ್ಕೆ ಯಾವ್ ಫಾರಂ?”

“ಏಳ್ನೇ ನಂಬರ್ ತಾತ. ಯಾರು ಹೋದ್ರು?”

“ಹೊಂಬ. ತಿಮ್ಮನ ಮಗ.”

ಶಾಲಿನಿ ದೇವರಾಜುವನ್ನು ನೋಡಿದಳು. “ತಾತ, ಇವತ್ತು ಅದೆಲ್ಲ ತಗೊಳಕ್ಕಾಗಲ್ಲ. ಎಲೆಕ್ಷನ್ ಮುಗೀಲಿ.”

“ತಗೊಬ್ಯಾಡ. ಕೊಡು. ನೀನು ತಗೊಳ ದಿನ ನಾನೇ ತತ್ತೀನಿ. ಅವ್ನು ಸತ್ತು ಐವತ್ನಾಕು ವರ್ಸ. ಗೌಡ್ರ ಬಾವೀಲಿ. ಸತ್ತ ಜಾಗಾನೂ ಬರ್ಕೊ ಅದ್ರಲ್ಲಿ.”

“ಪೆನ್ಶನ್ ನಿಂತೋಯ್ತದೆ. ಹಳೇದೂ ವಾಪಸ್ ಕೇಳ್ಬೋದು.”

“ಗೊತ್ತು. ಇನ್ನೊಂದು ಕೊಡು. ಹೊಸದಾಗಿ ಸೇರ್ಸೋದು.”

“ಅದು ಹದಿನೆಂಟು ತುಂಬಿದ ಹುಡುಗ್ರು ತುಂಬೋದು ತಾತ.”

“ನಂಗೂ ತುಂಬೈತೆ. ಕೊಡು.”

ದೇವರಾಜುವಿನ ಫೋನು ಹೊಡೆದುಕೊಂಡಿತು. ಎತ್ತಿದ. ಸರಸಮ್ಮನ ದನಿ ಹೊಂಗೆ ಮರದವರೆಗೂ ಬರುತ್ತಿತ್ತು. ಚಂದ್ರಿಕೆಗೆ ಬಿಟ್ಟವೆಲ್ಲ ಹಸಿಯಂತೆ, ಕೆಳಗೆ ಬೀಳುತ್ತಿವೆಯಂತೆ. ಹಣ್ಣಾದವು ಕಸದಲ್ಲೇ ನೂಲು ಬಿಡುತ್ತಿವೆಯಂತೆ. ಯಾವುದು ಹಣ್ಣು ಯಾವುದು ಹಸಿ ತನಗೆ ತಿಳಿಯುತ್ತಿಲ್ಲವಂತೆ. ದೇವರಾಜು ಹೆಂಗಸರ ಕಡೆ ತಿರುಗಿ, “ಡಬಲ್ ಕೂಲಿ ಕೊಡ್ತೀನಿ, ಬನ್ರಿ,” ಎಂದ. ಇಬ್ಬರು ಅತ್ತಿತ್ತ ನೋಡಿ, ತಲೆ ತಗ್ಗಿಸಿ, ಹೊರಟರು. ನಾಲ್ವರು ಉಳಿದರು.

ಶಾಲಿನಿ ಚೀಲದ ತಳದಿಂದ ಎರಡು ಫಾರಂ ತೆಗೆದು ಮೇಜಿನ ಮೇಲಿಟ್ಟಳು. ಬೇಕೋ ಬೇಡವೋ ಎಂಬಂತೆ ಮಸಿಯ ಪ್ಯಾಡನ್ನೂ ಅವನ ಕಡೆ ತಳ್ಳಿದಳು. ಚಿಕ್ಕಹೊಂಬ ಅದನ್ನು ವಾಪಸು ತಳ್ಳಿ ಪೆನ್ನು ಎತ್ತಿಕೊಂಡ. ಹೊಸ ಫಾರಂನ ಹೆಸರಿನ ಗೆರೆಯ ಮೇಲೆ, ಮೊದಲಲ್ಲಿ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು, ಲಾಟೀನಿನ ಬೆಳಕಿನಲ್ಲಿ ಕಲಿತದ್ದನ್ನು ನಿಧಾನವಾಗಿ ಬರೆದ. ಹೊಂಬ.

ಆಮೇಲೆ ಪೆನ್ನನ್ನು ಆ ಖಾಲಿ ಜಾಗದ ಮೇಲೆ ಹಿಡಿದು ನಿಂತ. ಅಲ್ಲಿ ಬರೆಯಬೇಕಾದ ‘ಚಿಕ್ಕ’ ಎಂಬುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.